ಹುಲಿಗಿಯ ಮುಖದ ಮೇಲೆ ಮಳೆ ಬಿದ್ದ ವರ್ಷ

ಮೊನ್ನೆ ಸೀಗೆಪುಡಿ ತರಲೆಂದು ಹೊಸಪೇಟೆಯ ಹಳೇ ಬಜಾರಿನಲ್ಲಿ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಮುದುಕರೊಬ್ಬರು ಬಾವಂಚಿ ಬೀಜ ಕೇಳಿದರು. ಅಂಗಡಿಯವರು ಮೇಲಿನ ಸಾಲಿನಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದದ್ದೇ ತಡ, ಆ ಕಹಿ ಘಾಟು ನನ್ನವರೆಗೂ ಬಂತು. ಏನು ಬೇಕು ಅಕ್ಕ ಎಂದು ಅವರು ಕೇಳಿದ್ದು ಕೇಳಿಸಿತು. ಸೀಗೆಪುಡಿ ತೆಗೆದುಕೊಳ್ಳದೆಯೇ ಹೊರಗೆ ಬಂದು ಎದುರಿನ ಕಟ್ಟೆಯ ಮೇಲೆ ಕುಳಿತೆ. ಹೊರಗೆ ಏನೂ ಆಗಿರಲಿಲ್ಲ. ಬಿಸಿಲಿತ್ತು, ಆಟೋಗಳು ಓಡಾಡುತ್ತಿದ್ದವು, ಬಾಳೆಹಣ್ಣಿನ ಗಾಡಿಯವನು ಕೂಗುತ್ತಿದ್ದ. ನಾನು ಮಾತ್ರ ಹುಲಿಗಿಯ ಜೊತೆ ಕಳೆದ ಆ ಮಳೆಗಾಲಕ್ಕೆ ಹೋಗಿ ಬಿದ್ದಿದ್ದೆ.

ನಾನು ಹೊಸಪೇಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಹುಬ್ಬು ತೀಡುವುದು, ಮದುಮಕ್ಕಳಿಗೆ ಅಲಂಕಾರ ಮಾಡುವುದು ನನ್ನ ಕೆಲಸ. ಹುಲಿಗಿ ಎಂದು ನಾವೆಲ್ಲ ಕರೆಯುತ್ತಿದ್ದ ಹುಲಿಗೆಮ್ಮ ನನ್ನ ಬಳಿ ಮೊದಲು ಬಂದಾಗ ಡಿಗ್ರಿ ಓದುತ್ತಿದ್ದಳು. ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ತಂದೆ ಇರಲಿಲ್ಲ. ತಾಯಿ ಗಂಗಮ್ಮ ಕಂಪ್ಲಿ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಮಂಡಕ್ಕಿ ಮಾರಿ ಹುಲಿಗಿಯನ್ನೂ ಅವಳ ತಂಗಿ ರೇಣುಕಾಳನ್ನೂ ಸಾಕಿದ್ದರು. ಹುಲಿಗಿಯದು ಎತ್ತರದ ನಿಲುವು, ಗೋಧಿ ಬಣ್ಣ. ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳುವುದಕ್ಕೂ ನಾಚುತ್ತಿದ್ದಳು. ಬಳ್ಳಾರಿಯಲ್ಲಿ ಕಾಲೇಜು ಹುಡುಗಿಯರ ಸೌಂದರ್ಯ ಸ್ಪರ್ಧೆ ಇದೆಯೆಂದು ಗೆಳತಿಯರೇ ಅವಳ ಹೆಸರು ಕೊಟ್ಟು ಬಂದಿದ್ದರು. ಅವಳಿಗೆ ಸೀರೆ ಉಡಿಸಿ, ಜಡೆ ಹೆಣೆದು, ನನ್ನ ಓಲೆಗಳನ್ನೇ ಹಾಕಿ ಕಳಿಸಿದ್ದು ನಾನು. ಗೆದ್ದಳು. ಆಮೇಲೆ ಬೆಂಗಳೂರಿನ ದೊಡ್ಡ ಸ್ಪರ್ಧೆಯಲ್ಲೂ ಗೆದ್ದು ತಲೆಗೆ ಕಿರೀಟ ಇಡಿಸಿಕೊಂಡಳು. ಪೇಪರಿನಲ್ಲಿ ಫೋಟೊ ಬಂದ ದಿನ ಗಂಗಮ್ಮ ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆ ಮಿರ್ಚಿ ಕೊಟ್ಟರಂತೆ.

ಸಿನಿಮಾದವರು ಕರೆದರು. ಹುಲಿಗೆಮ್ಮ ಎಂಬ ಹೆಸರು ಪೋಸ್ಟರಿಗೆ ಹೊಂದುವುದಿಲ್ಲವೆಂದು ಇಳಾ ಎಂದು ಇಟ್ಟರು. ಎರಡು ಸಿನಿಮಾ ಬಂದವು. ಎರಡನೆಯದು ಚೆನ್ನಾಗಿ ಓಡಿತು. ಮುಖದ ಸೋಪೊಂದರ ಜಾಹೀರಾತೂ ಸಿಕ್ಕಿತು. ನಮ್ಮೂರ ಸರ್ಕಲ್ಲಿನಲ್ಲಿ ಅವಳ ಮುಖ ಮನೆಯಷ್ಟು ದೊಡ್ಡದಾಗಿ ನಗುತ್ತಾ ನಿಂತಿತು. ಪಾರ್ಲರಿಗೆ ಬರುವ ಹುಡುಗಿಯರು ಇಳಾ ಥರ ಮಾಡಿ ಎನ್ನುತ್ತಿದ್ದರು. ಅವಳ ಮೊದಲ ಜಡೆ ಹೆಣೆದದ್ದು ಇದೇ ಕೈ ಎಂದು ನಾನು ಹೇಳಿಕೊಳ್ಳುತ್ತಿದ್ದೆ.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ಮಲೆನಾಡಿನ ಕಡೆ ಮಳೆ ಜೋರಾಗಿ ನಮ್ಮ ಡ್ಯಾಂ ದಿನದಿಂದ ದಿನಕ್ಕೆ ತುಂಬುತ್ತಿತ್ತು. ಅವಳ ಮೂರನೆಯ ಸಿನಿಮಾದ ಚಿತ್ರೀಕರಣ ಹಂಪಿಯಲ್ಲಿ, ಆಮೇಲೆ ಸಂಡೂರಿನಲ್ಲಿ ಎಂದು ಸುದ್ದಿಯಾಗಿತ್ತು. ಒಂದು ದಿನ ಚಿತ್ರತಂಡ ಇಳಿದುಕೊಂಡಿದ್ದ ಹೋಟೆಲಿನಿಂದ ಫೋನ್ ಬಂತು. ತಲೆಕೂದಲು ನೋಡಿಕೊಳ್ಳಲು ನೀವೇ ಬೇಕೆಂದು ನಾಯಕಿ ಹಟ ಹಿಡಿದಿದ್ದಾರೆ, ಚಿತ್ರೀಕರಣ ಮುಗಿಯುವವರೆಗೆ ಜೊತೆಗಿರುತ್ತೀರಾ ಎಂದು ಕೇಳಿದರು. ಹಿಗ್ಗಿನಲ್ಲಿ ಪಾರ್ಲರನ್ನು ನನ್ನ ಸಹಾಯಕಿಗೆ ಒಪ್ಪಿಸಿ ಹೋದೆ.

ಹುಲಿಗಿ ಕೋಣೆಯ ಬಾಗಿಲು ತೆಗೆದು ನನ್ನನ್ನು ಒಳಗೆ ಎಳೆದುಕೊಂಡು ಚಿಲಕ ಹಾಕಿದಳು. ಕಿಟಕಿಯ ಪರದೆ ಎಳೆದಳು. ಕ್ಷೇಮಸಮಾಚಾರ ಕೇಳಲಿಲ್ಲ. ಕನ್ನಡಿಯ ಮುಂದೆ ಕುಳಿತು ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮುಖ ಒರೆಸಿಕೊಳ್ಳತೊಡಗಿದಳು. ಬಣ್ಣ ಹೋದಂತೆ ಬಾಯಿಯ ಎಡ ತುದಿಯಲ್ಲಿ ಹೆಸರುಕಾಳಿನಷ್ಟು ಬಿಳಿ ಕಾಣಿಸಿತು. ಕೂದಲು ಎತ್ತಿದಳು. ಅದೇ ಬದಿಯ ಕಿವಿಯ ಕೆಳಗಿನಿಂದ ಕತ್ತಿನವರೆಗೆ ಹಾಲು ಹರಿದು ಒಣಗಿದ ಹಾಗೆ ಇನ್ನೊಂದು ಇತ್ತು.

ನಮ್ಮ ಕಡೆ ಆ ಪದವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ತೊನ್ನು ಎಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

“ಯುಗಾದಿ ಮುಂದ ಶುರು ಆತು ಶಶಕ್ಕ,” ಎಂದಳು. “ಡಾಕ್ಟ್ರು ಜೀವಕ್ಕೇನೂ ಇಲ್ಲ, ಯಾರಿಗೂ ಅಂಟಂಗಿಲ್ಲ ಅಂದ್ರು. ಎಲ್ಲಿಗೆ ನಿಲ್ಲತೈತಿ ಅಂತ ಕೇಳಿದೆ. ಹೇಳಾಕ ಬರಂಗಿಲ್ಲ ಅಂದ್ರು. ಅವತ್ತಿನಿಂದ ನನಗ ನಿದ್ದಿ ಇಲ್ಲ.”

ಅವಳಿಗೆ ಬೇಕಾಗಿದ್ದದ್ದು ಇಷ್ಟು: ಮೇಕಪ್ ಮಾಡುವವರು ಬರುವ ಮೊದಲೇ ನಾನು ಅವಳ ಕೋಣೆ ಸೇರಿ ಬಿಳಿಯೆಲ್ಲ ಮುಚ್ಚಿಬಿಡಬೇಕು. ಬೇರೆ ಯಾರ ಕೈಯೂ ಅವಳ ಕೆನ್ನೆ, ಕತ್ತು ಮುಟ್ಟದಂತೆ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಇಷ್ಟು ದಿನ ಒಬ್ಬಳೇ ಮುಚ್ಚಿಕೊಂಡಿದ್ದಳು, ಈಗ ಕತ್ತಿನ ಹಿಂದಕ್ಕೂ ಹೋಗಿತ್ತು, ಕೈ ನಿಲುಕುತ್ತಿರಲಿಲ್ಲ. ಗೊತ್ತಾದರೆ ಸೋಪಿನವರು ಬಿಡುತ್ತಾರೆ, ಸಿನಿಮಾದವರು ಬಿಡುತ್ತಾರೆ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಕಂಪ್ಲಿಯಲ್ಲಿತ್ತು. ತಂಗಿ ರೇಣುಕಾಳಿಗೆ ಗಂಗಾವತಿಯ ಕಡೆ ಮದುವೆ ನಿಶ್ಚಯವಾಗಿತ್ತು. ಹುಡುಗ ಮಂಜುನಾಥ, ಶಾಲೆಯ ಮೇಷ್ಟ್ರು. ಶ್ರಾವಣದಲ್ಲಿ ಮದುವೆ. ಅಕ್ಕನಿಗೆ ಹೀಗಾಗಿದೆಯೆಂದು ತಿಳಿದರೆ ತಂಗಿಯನ್ನು ಯಾರು ಒಯ್ಯುತ್ತಾರೆ? ಮದುವೆ ಆಗುವವರೆಗೆ ಒಂದು ಸೊಲ್ಲೂ ಹೊರಗೆ ಬರಕೂಡದೆಂದು ಗಂಗಮ್ಮ ಮಗಳಿಂದ ದೇವರ ಮೇಲೆ ಆಣೆ ಮಾಡಿಸಿಕೊಂಡಿದ್ದರು.

ಒಪ್ಪಿಕೊಂಡು ಮನೆಗೆ ಬಂದೆ, ಆದರೆ ದಾರಿಯುದ್ದಕ್ಕೂ ನನ್ನದೇ ಹೆದರಿಕೆ ಬೆನ್ನು ಹತ್ತಿತ್ತು. ಅದು ಅಂಟುವುದಿಲ್ಲವೆಂದು ಡಾಕ್ಟರಿಗೆ ಗೊತ್ತು, ನಮ್ಮ ಓಣಿಗೆ ಗೊತ್ತಿಲ್ಲ. ಅವಳ ಮುಖ ಮುಟ್ಟಿದ ಕೈಯಲ್ಲಿ ನಮ್ಮ ಮಗಳ ಮುಖ ಮುಟ್ಟಬೇಡ ಎಂದು ಒಬ್ಬರು ಅಂದರೆ ಸಾಕಿತ್ತು, ಪಾರ್ಲರಿನ ಬಾಗಿಲು ಮುಚ್ಚಬೇಕಾಗುತ್ತಿತ್ತು. ಗಂಡನಿಗೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಹೋದೆ.

ಹಂಪಿಯಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಬಿಟ್ಟಾಗ ಆ ಬಂಡೆಗಳಿಂದ ಏಳುವ ಧಗೆ ಮುಖದ ಬಣ್ಣಕ್ಕೆ ಶತ್ರು. ಅವಳ ಮೇಲ್ತುಟಿಯ ಮೇಲೆ ಒಂದು ಬೆವರ ಹನಿ ಮೂಡಿದರೂ ಓಡಿ ಹೋಗಿ ಒತ್ತಿ ತೆಗೆಯುತ್ತಿದ್ದೆ. ಛತ್ರಿ, ಪೌಡರು, ಹತ್ತಿ ಹಿಡಿದು ಕ್ಯಾಮೆರಾದ ಅಂಚಿನಲ್ಲೇ ನಿಂತಿರುತ್ತಿದ್ದೆ. ಕಮಲಾಪುರದಿಂದ, ಹೊಸಪೇಟೆಯಿಂದ ಜನ ನೋಡಲು ಬರುತ್ತಿದ್ದರು. ನಮ್ಮೂರ ಹುಡುಗಿ ಎಂಬ ಅಕ್ಕರೆ ಅವರಿಗೆ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಹೆಂಗಸರು ಅವಳ ಕೆನ್ನೆಗೆ ಕೆನ್ನೆ ತರುತ್ತಿದ್ದರು. ಅವಳು ನಗುತ್ತಲೇ ಬಲಗೆನ್ನೆಯನ್ನು ಮುಂದೆ ಮಾಡುವುದನ್ನು ಕಲಿತಿದ್ದಳು. ಎತ್ತಿ ಹಿಡಿದ ಫೋನುಗಳೆಲ್ಲ ಅವಳ ಕಿವಿಯ ಕೆಳಗನ್ನೇ ನೋಡುತ್ತಿವೆ ಎಂದು ನನಗೆ ಅನಿಸುತ್ತಿತ್ತು.

ಮೇಕಪ್ ಮಾಡುವ ಮೋಹನ್ ಬೆಂಗಳೂರಿನವರು, ವಯಸ್ಸಾದವರು, ಮಾತು ಕಡಿಮೆ. ಮೇಡಂಗೆ ಬೇರೆ ಕ್ರೀಮು ಹಾಕಿದರೆ ತುರಿಕೆ ಆಗುತ್ತದೆ, ನೀವು ಕಣ್ಣು ತುಟಿ ಮಾತ್ರ ಮಾಡಿ ಎಂದು ನಾನೇ ಸುಳ್ಳು ಹೇಳಿದ್ದೆ. ಅವರು ಹೂಂ ಎಂದಿದ್ದರು. ಆದರೆ ಕಾಡಿಗೆ ಹಚ್ಚುವಾಗ ಅವರ ಕಣ್ಣು ಒಮ್ಮೊಮ್ಮೆ ಅವಳ ಬಾಯಿಯ ತುದಿಗೆ ಹೋಗಿ ನಿಲ್ಲುತ್ತಿತ್ತು. ಈ ಮನುಷ್ಯನಿಗೆ ಗೊತ್ತಾದರೆ ಬೆಂಗಳೂರಿಗೆಲ್ಲ ಗೊತ್ತಾದಂತೆ ಎಂದು ಹುಲಿಗಿ ಹೇಳುತ್ತಿದ್ದಳು.

ಸಂಜೆ ಕೋಣೆಗೆ ಮರಳಿದರೆ ಅವಳಿಗೆ ಇನ್ನೊಂದು ಕೆಲಸ. ಟ್ಯೂಬ್‌ಲೈಟಿನ ಕೆಳಗೆ ನಿಂತು ಮೈಯೆಲ್ಲ ಹುಡುಕುವುದು. ಬೆರಳ ಸಂದಿ, ಮೊಣಕಾಲು, ಪಾದ. ಇದೇನು ನೋಡು ಎಂದು ಕರೆಯುತ್ತಿದ್ದಳು. ಒಂದು ದಿನ ಅದು ಬಂಡೆಯಿಂದ ಹತ್ತಿದ ಧೂಳಾಗಿರುತ್ತಿತ್ತು, ಇನ್ನೊಂದು ದಿನ ಹಳೆಯ ಗಾಯದ ಗುರುತು. ನಾನು ಅಲ್ಲ ಎಂದರೂ ನಂಬುತ್ತಿರಲಿಲ್ಲ, ಉಗುರಿನಿಂದ ಕೆರೆದು ನೋಡುತ್ತಿದ್ದಳು. ಆ ರೋಗ ಅಂಟದಿದ್ದರೂ ಆ ಹುಡುಕಾಟ ನನಗೂ ಅಂಟಿತು. ಒಮ್ಮೆ ಮನೆಯಲ್ಲಿ ನನ್ನ ಮೊಣಕೈ ಹತ್ತಿರ ಬಿಳಿ ಕಂಡು ದೀಪದ ಕೆಳಗೆ ಓಡಿದೆ. ರೊಟ್ಟಿ ಬಡಿಯುವಾಗ ಮೆತ್ತಿದ ಹಿಟ್ಟು.

ಹಂಪಿಯ ಕೆಲಸ ಮುಗಿದು ಎಲ್ಲರೂ ಸಂಡೂರಿಗೆ ಹೋದೆವು. ಮಳೆಗಾಲದ ಸಂಡೂರು ಗುಡ್ಡಗಳನ್ನು ನೋಡಿದವರಿಗೇ ಗೊತ್ತು: ಮೇಲೆ ಕಣ್ಣಿಗೆ ತಂಪಾದ ಹಸಿರು, ಕೆಳಗೆ ರಸ್ತೆಯ ಮೇಲೆ ಅದಿರಿನ ಲಾರಿಗಳು ತುಳಿದ ಕೆಂಪು ಕೆಸರು. ನಮಗೆ ಇಳಿದುಕೊಳ್ಳಲು ಗುಡ್ಡದ ಬದಿಯ ಅತಿಥಿಗೃಹವೊಂದನ್ನು ಕೊಟ್ಟಿದ್ದರು. ಅಲ್ಲಿಗೆ ಒಂದು ದಿನ ಗಂಗಮ್ಮ ಬಸ್ಸು ಬದಲಾಯಿಸಿಕೊಂಡು ಬಂದರು. ಸೆರಗಿನಲ್ಲಿ ಒಂದು ಬಾಟಲಿ. ಯಾರೋ ನಾಟಿ ಔಷಧ ಕೊಡುವವರು ಮಾಡಿಕೊಟ್ಟ ಬಾವಂಚಿ ಎಣ್ಣೆ. ಇದನ್ನು ಹಚ್ಚಿ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಕುಳಿತರೆ ಬಣ್ಣ ತಿರುಗುತ್ತದೆ ಎಂದರು. ಮಗಳ ಕತ್ತನ್ನು ನೋಡಲು ಅವರಿಗೆ ಧೈರ್ಯವಿರಲಿಲ್ಲ. ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಕಿಟಕಿಯ ಕಡೆ ಮುಖ ಮಾಡಿ ಕುಳಿತು ಮಾತಾಡಿ ಹೋದರು.

ಮಾರನೆಯ ದಿನ ಚಿತ್ರೀಕರಣಕ್ಕೆ ರಜೆ. ಮೋಡ ಸರಿದು ಬಿಸಿಲು ಚುರುಗುಡುತ್ತಿತ್ತು. ನಾನು ಹೊಸಪೇಟೆಗೆ ಹೋಗಿ ಸಂಜೆ ಮರಳಿದಾಗ ಮೆಟ್ಟಿಲಲ್ಲೇ ಆ ಘಾಟು ಮೂಗಿಗೆ ಬಡಿಯಿತು. ಬೇಗ ವಾಸಿಯಾಗಲೆಂದು ಹುಲಿಗಿ ಎಣ್ಣೆಯನ್ನು ಬಳಬಳ ಸುರಿದು ಹಚ್ಚಿಕೊಂಡು ಮಧ್ಯಾಹ್ನದವರೆಗೆ ಮಾಳಿಗೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕುಳಿತಿದ್ದಳು. ಎಡಗೆನ್ನೆ ಬಾತು ಕೆಂಡವಾಗಿತ್ತು. ಬೆಳಗಾಗುವಷ್ಟರಲ್ಲಿ ನೀರು ತುಂಬಿದ ಗುಳ್ಳೆಗಳು.

ಹಲ್ಲುನೋವಿನಿಂದ ಕೆನ್ನೆ ಬಾತಿದೆ ಎಂದು ನಿರ್ದೇಶಕರಿಗೆ ಹೇಳಿ ಬಳ್ಳಾರಿಗೆ ಓಡಿದೆವು. ಅವಳು ಓಢಣಿಯಲ್ಲಿ ಮುಖ ಸುತ್ತಿಕೊಂಡಿದ್ದಳು. ಆಸ್ಪತ್ರೆಯಲ್ಲಿ ನನ್ನ ಹೆಸರು ಹೇಳಿ ಒಳಗೆ ಹೋದೆವು. ಚರ್ಮದ ಡಾಕ್ಟರಮ್ಮ ಓಢಣಿ ತೆಗೆಸಿ ನೋಡಿ ಗುರುತು ಹಿಡಿದರೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ. ಈ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ, ಯಾರನ್ನೂ ಕೇಳದೆ ಹೀಗೆ ಮಾಡಬಾರದಿತ್ತು ಎಂದು ಗದರಿದರು. ಆಮೇಲೆ ದನಿ ತಗ್ಗಿಸಿ, ಸುಟ್ಟ ಜಾಗದಲ್ಲಿ ಬಿಳಿ ಇನ್ನೂ ಹರಡಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಹುಲಿಗಿ ಅಳಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು.

ಗುಳ್ಳೆ ಒಣಗಿ ಸಿಪ್ಪೆ ಬಿದ್ದ ಮೇಲೆ ಡಾಕ್ಟರಮ್ಮ ಹೇಳಿದಂತೆಯೇ ಆಯಿತು. ಬಾಯಿಯ ತುದಿಯ ಹೆಸರುಕಾಳು ಅರ್ಧ ಕೆನ್ನೆಗೆ ಹಬ್ಬಿತ್ತು.

ಉಳಿದದ್ದು ಒಂದೇ ದೃಶ್ಯ, ಅದೂ ಮಳೆಯಲ್ಲಿ. ಗಣಿಯಲ್ಲಿ ಕಾಣೆಯಾದ ಗಂಡನನ್ನು ಹುಡುಕುತ್ತಾ ನಾಯಕಿ ಗುಡ್ಡದ ರಸ್ತೆಯಲ್ಲಿ ಹತ್ತಿ ಬಂದು, ಸೋತು, ಮುಖವನ್ನು ಆಕಾಶಕ್ಕೆ ಎತ್ತಬೇಕು. ಸೆರಗು ಹೊದ್ದುಕೊಳ್ಳಲೇ, ಬೆನ್ನ ಹಿಂದಿನಿಂದ ತೆಗೆಯಬಹುದೇ ಎಂದು ಹುಲಿಗಿ ಕೇಳಿ ನೋಡಿದಳು. ನಿರ್ದೇಶಕರು ಒಳ್ಳೆಯ ಮನುಷ್ಯರೇ. ಆದರೆ ಈ ಮುಖಕ್ಕಾಗಿಯೇ ಇಡೀ ಸಿನಿಮಾ ಬರೆದಿದ್ದೇನೆ ಅಮ್ಮಾ ಎಂದು ಕೈ ಮುಗಿದುಬಿಟ್ಟರು. ಟ್ಯಾಂಕರಿನ ಮಳೆ ಬೇಡ, ನಿಜವಾದ ಮಳೆಯೇ ಬೇಕು ಎಂದು ಕಾದರು.

ನೀರಿಗೆ ತಡೆಯುವ ಕ್ರೀಮನ್ನು ನನ್ನ ತೋಳಿಗೆ ಹಚ್ಚಿ ನಲ್ಲಿಯ ಕೆಳಗೆ ಹಿಡಿದು ನೋಡಿದೆ. ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಅಂಚಿನಿಂದ ಜಾರತೊಡಗಿತು. ಎರಡು ಪದರ ಹಚ್ಚಿದರೂ ಅಷ್ಟೇ. ದಿನಾ ಬೆಳಿಗ್ಗೆ ಎದ್ದು ಇಬ್ಬರೂ ಮೋಡ ನೋಡುತ್ತಿದ್ದೆವು. ಊರೆಲ್ಲ ಮಳೆ ಬರಲಿ ಎನ್ನುತ್ತಿದ್ದಾಗ ನಾವಿಬ್ಬರು ಬೇಡ ಎನ್ನುತ್ತಿದ್ದೆವು.

ಒಂದು ಮಧ್ಯಾಹ್ನ ಗುಡ್ಡದ ನೆತ್ತಿ ಕಪ್ಪಾಗಿ ಮಳೆ ಸುರಿಯಿತು. ಕ್ಯಾಮೆರಾಕ್ಕೆ ಹೊದಿಕೆ ಹಾಕಿ ಎಲ್ಲರೂ ಓಡಿದರು. ದಿಬ್ಬದ ಮೇಲೆ ಗಣಿ ಕೆಲಸದವರು, ಊರವರು ಗೋಣಿಚೀಲ ಹೊದ್ದು ನಿಂತಿದ್ದರು. ಮೊದಲ ಸಲ ಅವಳು ಹತ್ತಿ ಬಂದು ಮುಖ ಎತ್ತಿದಳು. ಕ್ರೀಮು ನಿಂತಿತು. ಎರಡನೆಯ ಸಲವೂ ನಿಂತಿತು. ನಿರ್ದೇಶಕರು ಇನ್ನೊಂದೇ ಒಂದು ಎಂದರು. ಮೂರನೆಯ ಸಲ ಅವಳು ಮುಖ ಎತ್ತಿದಾಗ ಹನಿಗಳು ದಪ್ಪವಾಗಿ ಬೀಳುತ್ತಿದ್ದವು. ನಾನು ನಿಂತಲ್ಲಿಂದಲೇ ಕಂಡೆ: ಬಾಯಿಯ ತುದಿಯಿಂದ ಗೋಧಿ ಬಣ್ಣದ ಒಂದು ಗೆರೆ ಗದ್ದಕ್ಕೆ ಇಳಿಯಿತು. ಅದರ ಹಿಂದೆಯೇ ಇನ್ನೊಂದು. ಅವಳಿಗೂ ತಿಳಿಯಿತು. ಕಣ್ಣು ಮುಚ್ಚಿಕೊಂಡಳು, ಆದರೆ ಮುಖ ಇಳಿಸಲಿಲ್ಲ. ದೃಶ್ಯ ಇನ್ನೂ ಮುಗಿದಿರಲಿಲ್ಲ. ಕೆನ್ನೆಯ ಮೇಲೆ ಅದೇನು ಎಂದು ನಿರ್ದೇಶಕರು ಕೇಳಿದ್ದು ಕೇಳಿಸಿತು. ನಾನು ಟವೆಲು ಹಿಡಿದು ಕೆಸರಿನಲ್ಲಿ ಓಡಿದೆ.

ನನಗಿಂತ ಮೊದಲು ಮೋಹನ್ ಅಲ್ಲಿದ್ದರು. ದೊಡ್ಡ ಕಪ್ಪು ಛತ್ರಿಯನ್ನು ತಲೆಯ ಮೇಲೆ ಹಿಡಿಯಲಿಲ್ಲ, ಜನರ ಕಡೆಗೆ ಅಡ್ಡ ಹಿಡಿದರು. ಕಣ್ಣಿನ ಬಣ್ಣ ಕರಗಿದೆ, ಸ್ವಲ್ಪ ಹೊತ್ತು ಕೊಡಿ ಎಂದು ನಿರ್ದೇಶಕರಿಗೆ ಕೂಗಿ ಹೇಳಿದರು. ನಾನು ಟವೆಲಿನಲ್ಲಿ ಅವಳ ಮುಖ ಮುಚ್ಚಿದೆ. ಛತ್ರಿಯ ಮರೆಯಲ್ಲಿ ಅವರು ಮೆಲ್ಲಗೆ ಅಂದರು: “ಮೊದಲನೇ ದಿನಾನೇ ಗೊತ್ತಾಯ್ತು ಮೇಡಂ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ.”

ಹುಲಿಗಿಯನ್ನು ವ್ಯಾನಿನೊಳಗೆ ಕರೆದೊಯ್ದೆವು. ನಿರ್ದೇಶಕರು ಬಾಗಿಲಿಗೆ ಬಂದಾಗ ಅವಳೇ ಟವೆಲು ತೆಗೆದು ತೋರಿಸಿದಳು. ಅವರು ಎರಡನೆಯ ಸಲದ್ದೇ ಸಾಕು, ಚೆನ್ನಾಗಿ ಬಂದಿದೆ ಎಂದು ಹೇಳಿ ಮಳೆಯಲ್ಲೇ ನಡೆದು ಹೋದರು. ಯಾರೂ ಕೆಟ್ಟದ್ದು ಆಡಲಿಲ್ಲ. ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಟ್ಟೆ.

ಆದರೆ ದಿಬ್ಬದ ಮೇಲಿದ್ದ ಯಾರದೋ ಫೋನಿನಲ್ಲಿ, ಛತ್ರಿ ಅಡ್ಡ ಬರುವ ಮೊದಲಿನ ಆ ಗಳಿಗೆ ಉಳಿದುಹೋಗಿತ್ತು. ಸಂಜೆಯ ಹೊತ್ತಿಗೆ ಅದು ಹೊಸಪೇಟೆ, ಬಳ್ಳಾರಿ, ಗಂಗಾವತಿ ಎಲ್ಲ ಕಡೆ ಓಡಾಡುತ್ತಿತ್ತು. ನನ್ನ ಫೋನಿಗೂ ಬಂತು. ಕಳಿಸಿದವಳು ನನ್ನ ನಾದಿನಿ. ಇವಳ ಜೊತೆನೇ ಏನು ನೀನು ಇರೋದು ಎಂದು ಕೆಳಗೆ ಬರೆದಿದ್ದಳು.

ಬೆಳಿಗ್ಗೆ ಗಂಗಮ್ಮನ ಫೋನು. ಅಳುವಿನ ನಡುವೆ ಮಾತು ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಬೀಗರು ಬರುತ್ತಿದ್ದಾರೆ, ಹುಡುಗಿಗೂ ಇದೆಯೋ ಏನೋ ನೋಡಬೇಕಂತೆ, ಒಳಕೋಣೆಯಲ್ಲಿ ಹೆಂಗಸರು ಅವಳ ಮೈ ನೋಡುತ್ತಾರಂತೆ. ನಾನು ಹೂಂ ಅಂದೆ ಶಶಿ, ಇನ್ನೇನು ಮಾಡಲಿ ಎಂದರು.

ಹುಲಿಗಿ ಎದ್ದು ಮುಖ ತೊಳೆದುಕೊಂಡಳು. ನಾನು ಕ್ರೀಮಿನ ಡಬ್ಬಿ ತೆಗೆದೆ. ಅವಳು ಬ್ಯಾಡ ಎಂದಳು.

ಕಂಪ್ಲಿಗೆ ಹೊರಟ ಕಾರು ತೋರಣಗಲ್ಲು, ಕುರೆಕುಪ್ಪ ದಾಟಿ ದರೋಜಿಯ ದಾರಿ ಹಿಡಿಯಿತು. ಕೆರೆ ತುಂಬಿತ್ತು, ಗದ್ದೆಗಳಲ್ಲಿ ನಾಟಿಯ ಹೆಂಗಸರು ಬಗ್ಗಿದ್ದರು. ಡ್ಯಾಂನಿಂದ ನೀರು ಬಿಟ್ಟಿದ್ದಾರೆ, ಕಂಪ್ಲಿ ಸೇತುವೆ ಇವತ್ತು ಮುಳುಗುತ್ತದೆ ಎಂದು ಡ್ರೈವರ್ ಹೇಳುತ್ತಿದ್ದ. ಪ್ರತಿ ವರ್ಷ ಮುಳುಗುವ ಸೇತುವೆ ಅದು. ಮುಳುಗಿದರೆ ಕಂಪ್ಲಿಗೂ ಗಂಗಾವತಿಗೂ ಇರುವ ನೇರ ದಾರಿ ಕಡಿಯುತ್ತದೆ. ಬೀಗರು ಅದಕ್ಕೆ ಮೊದಲೇ ಬಂದು ಹೋಗುವ ಅವಸರದಲ್ಲಿದ್ದರು. ಅಷ್ಟರಲ್ಲಿ ನಾವು ಮುಟ್ಟುತ್ತೇವೋ ಇಲ್ಲವೋ ಎಂದು ನಾನು ಸೀಟಿನ ಅಂಚಿನಲ್ಲಿ ಕುಳಿತಿದ್ದೆ. ಹುಲಿಗಿ ಕಿಟಕಿಯ ಗಾಜು ಇಳಿಸಿ ಬರಿಮುಖಕ್ಕೆ ಗಾಳಿ ಬಿಟ್ಟುಕೊಂಡು ಕುಳಿತಿದ್ದಳು.

ಮನೆಯ ಪಡಸಾಲೆಯಲ್ಲಿ ಇಬ್ಬರು ಹಿರಿಯರು, ಮಂಜುನಾಥ, ಅವನ ದೊಡ್ಡಮ್ಮ. ಗಂಗಮ್ಮ ಗೋಡೆಗೊರಗಿ ನಿಂತಿದ್ದರು. ರೇಣುಕಾ ಒಳಕೋಣೆಯ ಬಾಗಿಲಲ್ಲಿ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ದೊಡ್ಡಮ್ಮ ಆಗಲೇ ಎದ್ದು ಅವಳ ಕಡೆ ಹೊರಟಿದ್ದರು. ಹುಲಿಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮಗಳ ಕೆನ್ನೆಯನ್ನು ಹಗಲ ಬೆಳಕಿನಲ್ಲಿ ಮೊದಲ ಸಲ ಕಂಡ ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

“ಅಮ್ಮಾರೆ, ನೋಡೋದಿದ್ರ ನನ್ನ ನೋಡ್ರಿ,” ಎಂದಳು ಹುಲಿಗಿ. “ಇಲ್ಲೇ ಬೆಳಕಿನ್ಯಾಗ ನಿಂತೀನಿ. ಇದು ನನಗ ಬಂದೈತಿ. ಆಕಿಗೆ ಬಂದಿಲ್ಲ. ನಾಳೆ ಬರಂಗಿಲ್ಲ ಅಂತ ನನಗೂ ಹೇಳಾಕ ಬರಂಗಿಲ್ಲ, ನಿಮಗೂ ಹೇಳಾಕ ಬರಂಗಿಲ್ಲ. ಅದಕ್ಕಂತ ಆಕಿ ಸೀರಿ ಬಿಚ್ಚಿಸಬ್ಯಾಡ್ರಿ.”

ದೊಡ್ಡಮ್ಮ ನಿಂತಲ್ಲೇ ನಿಂತರು. ಜಗಳಗಂಟಿಯಲ್ಲ ಆಕೆ, ಮುಖ ಬಿಳಿಚಿತ್ತು. “ನಮ್ಮ ಮನ್ಯಾಗೂ ಹೆಣ್ಣುಮಕ್ಕಳು ಅದಾರವ್ವ,” ಎಂದರು. “ನಮ್ಮ ಹೆದರಿಕಿ ನಮಗ.”

ಹೊರಗಿನಿಂದ ಯಾರೋ ಬಂದು, ನೀರು ಸೇತುವೆಗೆ ತಾಗಿದೆ, ಪೊಲೀಸರು ಅಡ್ಡಗಟ್ಟೆ ಇಡುತ್ತಿದ್ದಾರೆ ಎಂದು ಹೇಳಿದರು. ಹಿರಿಯರು ಎದ್ದರು. ಆಗಲಿ, ತಿಳಿಸುತ್ತೇವೆ ಎಂದಷ್ಟೇ ಹೇಳಿ ಇಳಿದು ಹೋದರು. ಗಂಗಮ್ಮ ಕೊಟ್ಟ ಎಲೆ ಅಡಿಕೆಯನ್ನು ದೊಡ್ಡಮ್ಮ ಕಟ್ಟೆಯ ಮೇಲೇ ಇಟ್ಟು ನಡೆದರು. ಮಂಜುನಾಥ ಕೊನೆಗೆ ಚಪ್ಪಲಿ ಮೆಟ್ಟಿದ. ಒಳಕೋಣೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ಹೋದ.

ಅದಾದ ಮೇಲೆ ಸೇತುವೆ ಮುಳುಗಿತು. ಹೊಳೆಯ ಸದ್ದು ಮನೆಯವರೆಗೂ ಕೇಳುತ್ತಿತ್ತು. ಹುಲಿಗಿ ಅಲ್ಲೇ ಉಳಿದಳು, ಅವಳೊಂದಿಗೆ ನಾನೂ ಉಳಿದೆ. ಆ ದಿನಗಳು ನನಗೆ ಇಡೀ ಮಳೆಗಾಲಕ್ಕಿಂತ ಉದ್ದ ಅನಿಸಿದವು. ಗಂಗಮ್ಮ ದೊಡ್ಡ ಮಗಳೊಂದಿಗೆ ಮಾತು ಬಿಟ್ಟಿದ್ದರು. ತಾಟಿಗೆ ಅನ್ನ ಬಡಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಮಿರ್ಚಿ ಬೇಕೆಂಬ ನೆವದಲ್ಲಿ ಜನ ಮನೆಯ ಬಾಗಿಲಿಗೇ ಬಂದು ಒಳಗೆ ಇಣುಕುತ್ತಿದ್ದರು. ನಿರ್ಮಾಪಕರ ಕಡೆಯಿಂದ ಒಂದು ಫೋನು, ಸೋಪಿನವರ ಕಡೆಯಿಂದ ಒಂದು. ಎರಡನ್ನೂ ಹುಲಿಗಿ ಎದ್ದು ನಿಂತೇ ಕೇಳಿದಳು, ಸರಿ ಸರ್ ಎಂದು ಇಟ್ಟಳು. ರೇಣುಕಾ ಒಂದು ದಿನ ಯಾವುದೋ ಕೆಲಸ ಮಾಡುತ್ತಿದ್ದವಳು ತಟ್ಟನೆ ಬಂದು ಅಕ್ಕನ ಮಗ್ಗುಲಲ್ಲಿ ಕುಳಿತು, ನೀ ಬರದೆ ಇದ್ದಿದ್ದರೆ ನಾ ಒಳಗೆ ಹೋಗುತ್ತಿದ್ದೆ ಎಂದಳು. ಹುಲಿಗಿ ಅವಳ ತಲೆ ಸವರಿದಳು. ಮದುವೆ ಮುರಿಯಿತು, ಮುರಿದದ್ದು ನನ್ನಿಂದ ಎಂದು ಹುಲಿಗಿ ಗಟ್ಟಿ ಮಾಡಿಕೊಂಡಿದ್ದಳು.

ನೀರು ಇಳಿದ ದಿನ ಮಂಜುನಾಥ ಒಬ್ಬನೇ ಬೈಕಿನಲ್ಲಿ ಬಂದ. ಪ್ಯಾಂಟಿನ ತುಂಬ ಕೆಸರು. ಕೊಟ್ಟ ಸೀರೆ, ಉಂಗುರ ವಾಪಸು ಕೇಳಲು ಬಂದಿರಬೇಕೆಂದು ಗಂಗಮ್ಮ ಅಂದುಕೊಂಡರು. ಅವನು ಕೂರದೆ ಮಾತಾಡಿದ. ಮನೆಯಲ್ಲಿ ಯಾರೂ ಒಪ್ಪಿಲ್ಲ, ಆದರೆ ಅವತ್ತು ಸುಮ್ಮನೆ ಕುಳಿತದ್ದಕ್ಕೆ ಮನಸ್ಸು ತಡೆಯುತ್ತಿಲ್ಲ, ನಿಮಗೆ ಒಪ್ಪಿಗೆಯಿದ್ದರೆ ಮದುವೆ ಆಗುತ್ತೇನೆ ಎಂದ. ಗಂಗಮ್ಮ ಬಾಯಿ ತೆರೆಯುವ ಮೊದಲು ರೇಣುಕಾ ಮುಂದೆ ಬಂದಳು.

“ನಾಳೆ ನನಗೂ ಬಂದ್ರ?”

ಅವನು ನೆಲ ನೋಡಿದ. ಇಲ್ಲ ಎನ್ನುತ್ತಾನೋ, ಪರವಾಗಿಲ್ಲ ಎಂಬ ದೊಡ್ಡ ಮಾತು ಆಡುತ್ತಾನೋ ಎಂದು ನಾನು ಕಾದೆ. ಎರಡೂ ಅನ್ನಲಿಲ್ಲ.

“ನನಗ ಹೆದರಿಕಿ ಐತಿ,” ಎಂದ. “ಸುಳ್ಳು ಯಾಕ ಹೇಳಲಿ.”

ರೇಣುಕಾ ಚಾಪೆ ಹಾಸಿದಳು. “ನಮಗೂ ಐತ್ರಿ,” ಎಂದಳು. “ಕುಂದ್ರಿ. ಚಾ ಮಾಡ್ತೀನಿ.”

ಶ್ರಾವಣದ ಕೊನೆಗೆ ಕಂಪ್ಲಿಯಲ್ಲೇ ಸಣ್ಣದಾಗಿ ಮದುವೆಯಾಯಿತು. ಮಂಜುನಾಥನ ದೊಡ್ಡಮ್ಮ ಅಕ್ಷತೆಗೆ ಬಂದರು, ಊಟಕ್ಕೆ ನಿಲ್ಲಲಿಲ್ಲ. ಮದುಮಗಳಿಗೆ ನಾನೇ ಅಲಂಕಾರ ಮಾಡಿದೆ. ಹುಲಿಗಿ ಬರಿಮುಖದಲ್ಲೇ ಓಡಾಡಿದಳು. ಜನ ಫೋಟೊ ತೆಗೆದರು. ಗಂಗಮ್ಮ ಧಾರೆಯ ಹೊತ್ತಿಗೆ ಅವಳನ್ನು ಹೆಸರು ಹಿಡಿದು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಸರ್ಕಲ್ಲಿನ ಸೋಪಿನ ಜಾಹೀರಾತು ಆ ತಿಂಗಳೇ ಇಳಿಯಿತು. ಸಿನಿಮಾ ಬಂತು, ಹೋಯಿತು. ಮುಂದಿನ ಸಿನಿಮಾಗಳಿಗೆ ಒಪ್ಪಿಕೊಂಡಿದ್ದವರು ಒಬ್ಬೊಬ್ಬರಾಗಿ ಬೇರೆ ನಾಯಕಿಯರನ್ನು ಹುಡುಕಿಕೊಂಡರು. ಬಹಳ ದಿನ ಕೆಲಸವಿರಲಿಲ್ಲ. ಬಿಳಿ ಕೈಗೆ ಬಂತು, ಕಣ್ಣ ಸುತ್ತ ಬಂತು. ಆಮೇಲೆ ಧಾರಾವಾಹಿಗಳಲ್ಲಿ ಸಣ್ಣ ಪಾತ್ರಗಳು. ಒಂದು ಸಿನಿಮಾದಲ್ಲಿ ಏನೂ ಮುಚ್ಚದೆ, ಇದ್ದ ಮುಖದಲ್ಲೇ ಬಸ್ ಕಂಡಕ್ಟರ್ ಆದಳು. ಈಗ ನಾಯಕಿಯಲ್ಲ, ಆದರೆ ಕೆಲಸ ಸಿಗುತ್ತದೆ. ಆ ಕಂಡಕ್ಟರ್ ಪಾತ್ರಕ್ಕೆ ಕರೆದುಕೊಂಡು ಹೋದವರು ಮೋಹನ್. ನನ್ನ ಪಾರ್ಲರಿಗೆ ಬರುವುದನ್ನು ಕೆಲವರು ಬಿಟ್ಟರು, ಅವರಲ್ಲಿ ಕೆಲವರು ಮರಳಿ ಬಂದರು. ನಾದಿನಿ ಇನ್ನೂ ತನ್ನ ಮಗಳ ಹುಬ್ಬು ಬೇರೆ ಕಡೆ ತೀಡಿಸುತ್ತಾಳೆ.

ಮದುವೆಯ ಮುಂದಿನ ವರ್ಷ ಮಳೆಗಾಲಕ್ಕೆ ರೇಣುಕಾ ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಕೂಸು. ನೋಡಲು ಹೋದಾಗ ಹುಲಿಗಿಯೂ ಬೆಂಗಳೂರಿನಿಂದ ಬಂದಿದ್ದಳು. ಗಂಗಮ್ಮ ಕೂಸಿಗೆ ಎರೆದು, ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು ಹೊಗೆ ಹಾಕಲು ಕೆಂಡ ತರಲು ಹೋದರು. ರೇಣುಕಾ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಬಾಗಿಲಲ್ಲಿದ್ದೆ. ಹುಲಿಗಿ ಕೂಸನ್ನು ಕಿಟಕಿಯ ಬೆಳಕಿಗೆ ಒಯ್ದಳು. ಟವೆಲು ಬಿಚ್ಚಿದಳು. ಮೊದಲು ಬಾಯಿಯ ತುದಿ, ಆಮೇಲೆ ಕಿವಿಯ ಹಿಂದೆ, ಕಂಕುಳ ಸಂದಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ. ಬೋರಲು ಮಲಗಿಸಿಕೊಂಡು ಬೆನ್ನು ನೋಡಿದಳು. ಅಂಗಾಲು ನೋಡಿದಳು. ಅವಳ ಉಸಿರು ನನಗೆ ಕೇಳಿಸುತ್ತಿತ್ತು.

ತಲೆ ಎತ್ತಿದಾಗ ರೇಣುಕಾ ಮಂಚದಿಂದ ಅವಳನ್ನೇ ನೋಡುತ್ತಿದ್ದಳು. ಟವೆಲು ಎಳೆದು ಮುಚ್ಚಲೂ ಹುಲಿಗಿಗೆ ಕೈ ಬರಲಿಲ್ಲ.

“ನಾನೂ ದಿನಾ ನೋಡ್ತೀನಿ ಅಕ್ಕ,” ಎಂದಳು ರೇಣುಕಾ. “ನಮ್ಮ ಮನಿಯವರೂ ಬಂದಾಗ ನೋಡ್ತಾರ. ನನಗ ಗೊತ್ತಾಗಬಾರದಂತ, ನಾ ಮಲಗಿದ ಮ್ಯಾಲೆ.”

ಕೂಸು ಚಳಿಗೆ ಮುಖ ಕಿವುಚಿ ಅಳತೊಡಗಿತು. ರೇಣುಕಾ ಎದ್ದು ಬಂದಳು. ಒಬ್ಬಳು ತೋಳು ಹಿಡಿದಳು, ಇನ್ನೊಬ್ಬಳು ಅಂಗಿ ತೂರಿಸಿದಳು.